ಹಿತ್ತಲಿಗೆ ಕೋಳಿ ಬಂದರೆ ಫಾರಂನ ತಲೆನೋವೂ ಬರುತ್ತದೆ

2025ರ ಆರಂಭದಲ್ಲಿ ಅಮೆರಿಕದಲ್ಲಿ ಮೊಟ್ಟೆಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಹಕ್ಕಿ ಜ್ವರ ಬಂದು ಫಾರಂಗಳೇ ಖಾಲಿಯಾಗಿದ್ದವು. 2022ರಿಂದ ಆ ಹೊತ್ತಿಗೆ ಅಲ್ಲಿ ಸತ್ತ ಮತ್ತು ಕೊಂದ ಕೋಳಿ, ಬಾತು, ಟರ್ಕಿಗಳ ಲೆಕ್ಕ 15 ಕೋಟಿ ದಾಟಿತ್ತು. ಆಗ ಅಲ್ಲಿನ ಕೃಷಿ ಸಚಿವೆ ಬ್ರೂಕ್ ರಾಲಿನ್ಸ್, ಜನ ಮನೆಯ ಹಿತ್ತಲಲ್ಲೇ ಕೋಳಿ ಸಾಕಿಕೊಳ್ಳುವುದನ್ನು ಸುಲಭ ಮಾಡುತ್ತೇವೆ ಎಂದರು. ಕೋಳಿಮರಿಗೆ ಎಲ್ಲಿಲ್ಲದ ಬೇಡಿಕೆ ಬಂತು. 2020ರ ಲಾಕ್‌ಡೌನ್ ಹೊತ್ತಿನಲ್ಲೂ ಹೀಗೇ ಆಗಿತ್ತು. ಮೊಟ್ಟೆ ಸಿಗದಿದ್ದರೆ ಅಥವಾ ದುಬಾರಿಯಾದರೆ ಜನ ಮೊದಲು ಯೋಚಿಸುವುದು ಇದನ್ನೇ: ನಾಲ್ಕು ಕೋಳಿ ತಂದು ಬಿಟ್ಟರೆ ಆಯ್ತಲ್ವಾ?

ಈ ಯೋಚನೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಅಂಗಡಿಯ ಮೊಟ್ಟೆ ಅಗ್ಗವಾಗಿ ಸಿಗುವುದು ಫಾರಂನಲ್ಲಿ ಸಾವಿರಾರು ಕೋಳಿ ಒಟ್ಟಿಗಿವೆ ಎಂಬ ಒಂದೇ ಕಾರಣಕ್ಕಲ್ಲ. ಹುಟ್ಟಿದ ಹುಂಜಮರಿಗಳನ್ನು ಏನು ಮಾಡುವುದು, ಮೊಟ್ಟೆ ಕಡಿಮೆಯಾದ ಕೋಳಿಯನ್ನು ಯಾವಾಗ ಕಳಿಸುವುದು, ಕಾಯಿಲೆ ಬಿದ್ದದ್ದಕ್ಕೆ ಔಷಧಿ ಕೊಡಬೇಕೋ ಕೊಲ್ಲಬೇಕೋ, ಗೊಬ್ಬರ ಎಲ್ಲಿ ಸುರಿಯುವುದು, ಇಂಥ ಎಲ್ಲ ತೀರ್ಮಾನಗಳನ್ನೂ ಅಲ್ಲಿ ಬೇರೆ ಯಾರೋ ಮಾಡಿ ಮುಗಿಸಿರುತ್ತಾರೆ. ನಮ್ಮ ಕಣ್ಣಿಗೆ ಬೀಳುವುದು ಮೊಟ್ಟೆ ಮಾತ್ರ. ಹಿತ್ತಲಿಗೆ ಕೋಳಿ ತಂದ ದಿನದಿಂದ ಆ ತೀರ್ಮಾನಗಳೂ ನಮ್ಮ ಪಾಲಿಗೆ ಬರುತ್ತವೆ. ಕೋಳಿ ಸಾಕಿ ಬೇಸತ್ತವರ ಮಾತು ಕೇಳಿ ನೋಡಿ. ಮೇಲ್ನೋಟಕ್ಕೆ ಹಿಕ್ಕೆ, ವಾಸನೆ, ಗಲಾಟೆ ಅಂತ ಹೇಳುತ್ತಾರೆ. ಸ್ವಲ್ಪ ಕೆದಕಿದರೆ ಒಳಗಿರುವುದು ಈ ತೀರ್ಮಾನಗಳ ಭಾರವೇ.

ಮೊಟ್ಟೆಯ ಲೆಕ್ಕ

ನಮ್ಮ ಕೋಳಿಯ ಮೂಲ ಕಾಡುಕೋಳಿ. ಅದು ವರ್ಷಕ್ಕೆ ಇಡುವುದು ಹೆಚ್ಚೆಂದರೆ 10ರಿಂದ 15 ಮೊಟ್ಟೆ. ಮರಿ ಮಾಡಿಕೊಳ್ಳಲು ಅಷ್ಟು ಸಾಕು. ಮನುಷ್ಯ ಆರಿಸಿ ಆರಿಸಿ ಬೆಳೆಸಿದ ಇವತ್ತಿನ ತಳಿ ವರ್ಷಕ್ಕೆ 300ರ ಹತ್ತಿರ ಇಡುತ್ತದೆ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಚಿಪ್ಪು ಕಟ್ಟುವುದಕ್ಕೆ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಕೋಳಿಯ ಇಡೀ ಮೈಯಲ್ಲಿರುವ ಕ್ಯಾಲ್ಸಿಯಂನ ಹತ್ತನೇ ಒಂದು ಭಾಗದಷ್ಟು ಇದು. ಆಹಾರದಲ್ಲಿ ಸಾಕಷ್ಟು ಸಿಗದಿದ್ದರೆ ಮೂಳೆಯಿಂದ ಕಿತ್ತು ಚಿಪ್ಪು ಕಟ್ಟುತ್ತದೆ. ಹಾಗಾಗಿ 'ಅಡುಗೆಮನೆಯ ಉಳಿಕೆ ಹಾಕಿದರೆ ಸಾಕು, ಕೋಳಿ ತಾನೇ ತಿಂದು ಬೆಳೆಯುತ್ತದೆ' ಎಂಬ ಮಾತು ಈ ತಳಿಗೆ ಹೊಂದುವುದಿಲ್ಲ. ಉಳಿಕೆ ಜಾಸ್ತಿಯಾದಷ್ಟೂ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ಮೊಟ್ಟೆ ಕುಗ್ಗುತ್ತದೆ, ಚಿಪ್ಪು ತೆಳ್ಳಗಾಗುತ್ತದೆ, ಎದೆಮೂಳೆ ಬಿರುಕು ಬಿಡುತ್ತದೆ. ಬ್ರಿಟನ್ನಿನಲ್ಲಂತೂ ಮನೆಯ ಅಡುಗೆಮನೆಯಿಂದ ಬಂದ ಉಳಿಕೆಯನ್ನು ಕೋಳಿಗೆ ಹಾಕುವುದು ಕಾನೂನಿಗೆ ವಿರುದ್ಧ. ರೋಗ ಹರಡುತ್ತದೆ ಎಂಬುದು ಅಲ್ಲಿನ ಕಾರಣ.

ಈಗ ಲೆಕ್ಕ ನೋಡೋಣ. ಮೊಟ್ಟೆ ಇಡುವ ಒಂದು ಕೋಳಿ ದಿನಕ್ಕೆ ಸುಮಾರು 115 ಗ್ರಾಂ ತಿನ್ನುತ್ತದೆ. ವರ್ಷಕ್ಕೆ 42 ಕಿಲೋ. ಫಾರಂನ ಕೋಳಿ ಹತ್ತು ದಿನಕ್ಕೆ ಒಂಬತ್ತು ಮೊಟ್ಟೆಯಂತೆ ಇಟ್ಟರೆ, ಒಂದು ಮೊಟ್ಟೆಗೆ 130 ಗ್ರಾಂಗಿಂತ ಕಡಿಮೆ ಆಹಾರ. ಒಂದೂವರೆ ಎರಡು ವರ್ಷ ವಯಸ್ಸಾಗುವವರೆಗೆ ಅದು ಹೀಗೆ ಇಡುತ್ತದೆ. ಆಮೇಲೆ ಇಳಿಯತೊಡಗುತ್ತದೆ. ಇಳಿಯಲು ಶುರುವಾದ ಕೂಡಲೇ ಫಾರಂನವರು ಇಡೀ ಮಂದೆಯನ್ನು ಸಾಗಿಸಿ ಹೊಸ ಮಂದೆ ತರುತ್ತಾರೆ.

ಹಿತ್ತಲಲ್ಲಿ ಹಾಗೆ ಮಾಡುವವರು ಕಡಿಮೆ. ಕೋಳಿಗೆ ಹೆಸರಿಟ್ಟಾಗಿರುತ್ತದೆ. ಮಕ್ಕಳು ಮುದ್ದು ಮಾಡಿರುತ್ತಾರೆ. ಒಂದು ಕೋಳಿ ಆರು ವರ್ಷ ಮೊಟ್ಟೆಯ ವಯಸ್ಸಿನಲ್ಲಿದ್ದು, ಮೊದಲ ವರ್ಷ 260 ಇಟ್ಟು, ವರ್ಷ ವರ್ಷಕ್ಕೂ ಇಳಿಯುತ್ತಾ ಕೊನೆಯ ವರ್ಷ 30ಕ್ಕೆ ಬಂದಿತು ಎಂದಿಟ್ಟುಕೊಳ್ಳಿ. ಒಟ್ಟು 800 ಮೊಟ್ಟೆ ಆಗಬಹುದು. ತಿಂದದ್ದು 250 ಕಿಲೋ. ಅಂದರೆ ಒಂದು ಮೊಟ್ಟೆಗೆ 310 ಗ್ರಾಂ. ಮೊಟ್ಟೆ ನಿಲ್ಲಿಸಿದ ಕೋಳಿ ತುಸು ಕಡಿಮೆ ತಿನ್ನುತ್ತದೆ, ಹಿತ್ತಲಲ್ಲಿ ಹುಳು ಹುಪ್ಪಟೆ ಹೆಕ್ಕುತ್ತದೆ ಅಂತ ಹಿಡಿದರೂ ಫಾರಂನ ಎರಡು ಪಟ್ಟಿನ ಹತ್ತಿರ ಬಂದು ನಿಲ್ಲುತ್ತದೆ. ಗೂಡು, ಜಾಲರಿ, ಹಾಸಿಗೆಯ ಹೊಟ್ಟು, ಔಷಧಿ, ನಿಮ್ಮ ಸಮಯ ಯಾವುದನ್ನೂ ನಾನಿಲ್ಲಿ ಸೇರಿಸಿಲ್ಲ. ಇದು ನಿಮ್ಮ ಹಿತ್ತಲಿನ ಲೆಕ್ಕ ಅಲ್ಲದಿರಬಹುದು, ಆದರೆ ಅಂಕಿ ಯಾವ ಕಡೆ ವಾಲುತ್ತದೆ ಅಂತ ತೋರಿಸಲು ಸಾಕು. ಮೊಟ್ಟೆ ಉಳಿತಾಯಕ್ಕೆಂದು ಕೋಳಿ ತರುವವರಿಗೆ ನನ್ನ ಉತ್ತರ ನೇರ: ಉಳಿತಾಯ ಆಗುವುದಿಲ್ಲ. ಕೋಳಿಯ ಮೇಲೆ ಪ್ರೀತಿ ಇದ್ದರೆ ಅದು ಬೇರೆ ಮಾತು.

ಇನ್ನೊಂದು ಕಿರಿಕಿರಿ ಇದೆ. ಮೊಟ್ಟೆ ಒಂದೇ ಸಮ ಬರುವುದಿಲ್ಲ. ಕೋಳಿ ಚೆನ್ನಾಗಿ ಮೊಟ್ಟೆ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಹಗಲು ಕಿರಿದಾದಾಗ ಕಡಿಮೆ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ವರ್ಷಕ್ಕೊಮ್ಮೆ ಪುಕ್ಕ ಉದುರಿಸಿಕೊಂಡು ಹೊಸದು ಬೆಳೆಸುತ್ತದೆ. ಪುಕ್ಕ ಬಹುಪಾಲು ಪ್ರೋಟೀನೇ ಆದ್ದರಿಂದ ಆ ಎರಡು ಮೂರು ತಿಂಗಳು ಮೊಟ್ಟೆಗೆ ಏನೂ ಉಳಿಯುವುದಿಲ್ಲ. ನಡುವೆ ಒಂದು ಕೋಳಿ ಕಾವಿಗೆ ಕೂತುಬಿಟ್ಟರೆ ಅದರ ಮೊಟ್ಟೆಯೂ ನಿಂತಿತು, ಬೇರೆಯವು ಇಡುವ ಜಾಗವೂ ಹೋಯಿತು. ಒಂದೇ ಸಲ ತಂದ ಕೋಳಿಗಳು ಒಂದೇ ಸಲ ಮೊಟ್ಟೆ ಶುರು ಮಾಡಿ, ಒಂದೇ ಸಲ ನಿಲ್ಲಿಸುತ್ತವೆ. ಒಂದು ತಿಂಗಳು ಯಾರಿಗೆ ಹಂಚುವುದು ಅಂತ ಯೋಚನೆ, ಇನ್ನೊಂದು ತಿಂಗಳು ಕೋಳಿ ಇಟ್ಟುಕೊಂಡೇ ಅಂಗಡಿಗೆ ಹೋಗುವ ಪಾಡು.

ಮುದಿ ಕೋಳಿ, ಹುಂಜಮರಿ

ಎಳೆಯ ಕೋಳಿ ಸಾಮಾನ್ಯವಾಗಿ ಗಟ್ಟಿಮುಟ್ಟಾಗಿರುತ್ತದೆ. ಕಷ್ಟ ಶುರುವಾಗುವುದು ಎರಡು ಮೂರು ವರ್ಷದ ಮೇಲೆ. ದಿನಾ ಮೊಟ್ಟೆ ಕಟ್ಟಿದ ಆ ಅಂಗವೇ ಕೈಕೊಡುತ್ತದೆ. ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವುದು, ಮೊಟ್ಟೆಯ ನಾಳ ಹೊರಗೆ ಬಂದುಬಿಡುವುದು, ಮೊಟ್ಟೆಯ ಹಳದಿ ಭಾಗ ಹೊಟ್ಟೆಯೊಳಗೆ ಬಿದ್ದು ಕೊಳೆತು ಸೋಂಕಾಗುವುದು, ಅಂಡಾಶಯದ ಗಡ್ಡೆ ಎಲ್ಲವೂ ಈ ವಯಸ್ಸಿನವೇ. ವಯಸ್ಸಾದ ಮೊಟ್ಟೆ ಕೋಳಿಗಳಲ್ಲಿ ಅಂಡಾಶಯದ ಕ್ಯಾನ್ಸರ್ ತಾನಾಗಿ ಎಷ್ಟು ಸಾಮಾನ್ಯ ಅಂದರೆ, ಮನುಷ್ಯರ ಅಂಡಾಶಯದ ಕ್ಯಾನ್ಸರ್ ಅರಿಯಲು ವಿಜ್ಞಾನಿಗಳು ಕೋಳಿಯನ್ನೇ ಬಳಸುತ್ತಾರೆ.

ಇದು ಹಿತ್ತಲಲ್ಲಿ ಹೇಗೆ ಕಾಣುತ್ತದೆ? ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಎಲ್ಲ ಕೋಳಿಯೂ ಆಹಾರದ ತಟ್ಟೆಗೆ ಓಡುತ್ತವೆ, ಒಂದು ಮಾತ್ರ ಬಾಲ ಇಳಿಬಿಟ್ಟು ಮೂಲೆಯಲ್ಲಿ ನಿಂತಿರುತ್ತದೆ. ಕತ್ತು ಒಳಗೆ ಎಳೆದುಕೊಂಡಿರುತ್ತದೆ. ಕಣ್ಣು ಅರ್ಧ ಮುಚ್ಚಿರುತ್ತದೆ. ಆಗಾಗ ತಿಣುಕುತ್ತದೆ. ಎತ್ತಿ ಹಿಡಿದರೆ ಎದೆಮೂಳೆ ಕೈಗೆ ಚೂಪಾಗಿ ಸಿಗುತ್ತದೆ, ಹೊಟ್ಟೆ ಮಾತ್ರ ನೀರು ತುಂಬಿದ ಹಾಗೆ ಮೆತ್ತಗೆ ಊದಿಕೊಂಡಿರುತ್ತದೆ. ಕೋಳಿ ತನ್ನ ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ಸೋತದ್ದು ಗೊತ್ತಾದರೆ ಜೊತೆಯವೇ ಕುಟುಕುತ್ತವೆ. ಹಾಗಾಗಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ.

ಆಗ ಪಶುವೈದ್ಯರ ಹತ್ತಿರ ಹೋಗೋಣ ಅಂದರೆ, ಒಂದೊಂದೇ ಕೋಳಿಯನ್ನು ನೋಡುವವರು ಕಡಿಮೆ. ಕೋಳಿ ವೈದ್ಯ ಬೆಳೆದದ್ದೇ ಮಂದೆಯ ಲೆಕ್ಕದಲ್ಲಿ. ಒಂದು ಸತ್ತರೆ ಅದನ್ನು ಕೊಯ್ದು ನೋಡಿ ಮಿಕ್ಕ ಸಾವಿರಕ್ಕೆ ಏನು ಮಾಡಬೇಕು ಅಂತ ಹೇಳುವುದು ಅದರ ರೀತಿ. ಔಷಧಿ ಸಿಕ್ಕರೂ ಮತ್ತೊಂದು ಪ್ರಶ್ನೆ ಇದೆ. ಆಂಟಿಬಯೋಟಿಕ್ ಕೊಟ್ಟ ಕೋಳಿಯ ಮೊಟ್ಟೆಯಲ್ಲಿ ಔಷಧಿಯ ಅಂಶ ಬರುತ್ತದೆ. ಎಷ್ಟು ದಿನ ಆ ಮೊಟ್ಟೆ ಎಸೆಯಬೇಕು ಅಂತ ಕೇಳಿಕೊಳ್ಳಬೇಕು. ಕೆಲವು ಔಷಧಿಗಳನ್ನು ಮೊಟ್ಟೆ ಇಡುವ ಕೋಳಿಗೆ ಕೊಡುವ ಹಾಗೇ ಇಲ್ಲ. ಕೊನೆಗೆ ಉಳಿಯುವುದು, ನೋವಿನಲ್ಲಿರುವ ಕೋಳಿಯನ್ನು ಯಾರು, ಹೇಗೆ ಕೊಲ್ಲಬೇಕು ಎಂಬ ಪ್ರಶ್ನೆ. ಮಾಂಸ ತಿನ್ನುವ ಮನೆಯಲ್ಲೂ ಈ ಪ್ರಶ್ನೆ ಸಲೀಸಲ್ಲ. ಕೋಳಿ ತರುವ ಮೊದಲೇ ಇದಕ್ಕೆ ಉತ್ತರ ಇಟ್ಟುಕೊಂಡವರನ್ನು ನಾನು ಕಂಡದ್ದು ಬಹಳ ಕಡಿಮೆ.

ಹುಂಜದ ವಿಷಯ ಇದಕ್ಕಿಂತ ಬೇಗ ಬರುತ್ತದೆ. ಮರಿಗಳಲ್ಲಿ ಅರ್ಧ ಗಂಡು. ಒಂದು ದಿನದ ಮರಿಯ ಹಿಂಬದಿ ಒತ್ತಿ ಗಂಡು ಹೆಣ್ಣು ಹೇಳುವ ವಿದ್ಯೆ ಜಪಾನಿನಿಂದ ಬಂದದ್ದು. ನುರಿತವರೂ ಆಗೊಮ್ಮೆ ಈಗೊಮ್ಮೆ ತಪ್ಪುತ್ತಾರೆ. ಹೆಣ್ಣು ಅಂತ ತಂದ ಮರಿ ಮೂರು ನಾಲ್ಕು ತಿಂಗಳಿಗೆ ಕತ್ತು ಎತ್ತಿ ಕೂಗಿದಾಗಲೇ ಗೊತ್ತಾಗುವುದು. ಮನೆಯಲ್ಲೇ ಕಾವಿಗೆ ಇಟ್ಟು ಮರಿ ಮಾಡಿಸಿದರೆ ಅರ್ಧದಷ್ಟು ಹುಂಜ ಬಂದೇ ಬರುತ್ತವೆ. ಮೊಟ್ಟೆಗೆ ಹುಂಜ ಬೇಕಾಗಿಲ್ಲ. ಹತ್ತು ಹೇಂಟೆಗೆ ಒಂದು ಹುಂಜ ಇದ್ದರೆ ಹೆಚ್ಚು. ಮಿಕ್ಕವನ್ನು ಕೇಳುವವರಿಲ್ಲ. ಮೊಟ್ಟೆ ಉದ್ಯಮದಲ್ಲಿ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 700 ಕೋಟಿ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ ಎಂಬ ಅಂದಾಜಿದೆ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿತು. ಹ್ಯಾಚರಿಯಿಂದ ಬರೀ ಹೆಣ್ಣು ಮರಿ ತರಿಸಿಕೊಂಡವರು ಈ ಲೆಕ್ಕದಿಂದ ಹೊರಗಿಲ್ಲ. ಅವರ ಪಾಲಿನ ಗಂಡು ಮರಿಗಳ ಕತೆ ಹ್ಯಾಚರಿಯಲ್ಲೇ ಮುಗಿದಿರುತ್ತದೆ ಅಷ್ಟೇ.

ಹುಂಜದ ಸದ್ದು ಸಣ್ಣದಲ್ಲ. ಬೆಲ್ಜಿಯಂನ ಸಂಶೋಧಕರು ಹುಂಜದ ಕಿವಿಯ ಹತ್ತಿರ ಮೈಕ್ ಇಟ್ಟು ಅಳೆದಾಗ 140 ಡೆಸಿಬಲ್ ದಾಟಿತ್ತು. ಕೊಕ್ಕು ಪೂರ್ತಿ ತೆರೆದಾಗ ಅದರ ಕಿವಿಯ ದಾರಿ ತಾನೇ ಮುಚ್ಚಿಕೊಳ್ಳುತ್ತದೆ. ಪಕ್ಕದ ಮನೆಯವರಿಗೆ ಆ ಅನುಕೂಲ ಇಲ್ಲ. ಬೆಳಗಾದಾಗ ಮಾತ್ರ ಕೂಗುತ್ತದೆ ಅಂದುಕೊಳ್ಳಬೇಡಿ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ ಹಾಗೆ, ಹುಂಜ ತನ್ನ ಮೈಯೊಳಗಿನ ಗಡಿಯಾರ ನೋಡಿಕೊಂಡು ಬೆಳಕಿಗೂ ಮೊದಲೇ ಕೂಗಲು ಶುರು ಮಾಡುತ್ತದೆ. ಮೊದಲು ಕೂಗುವ ಹಕ್ಕು ಗುಂಪಿನ ಯಜಮಾನನದು, ಮಿಕ್ಕವು ಸರದಿಯಲ್ಲಿ ಕೂಗುತ್ತವೆ. ಎರಡು ಹುಂಜ ಇದ್ದರೆ ಎರಡು ಪಟ್ಟು. ಫ್ರಾನ್ಸಿನ ಒಲೆರಾನ್ ದ್ವೀಪದಲ್ಲಿ ಮೌರಿಸ್ ಎಂಬ ಹುಂಜದ ಕೂಗು ಕೋರ್ಟಿಗೇ ಹೋಯಿತು. 2019ರಲ್ಲಿ ಹುಂಜದ ಪರ ತೀರ್ಪು ಬಂತು. 2021ರಲ್ಲಿ ಹಳ್ಳಿಯ ಸದ್ದು, ವಾಸನೆಗಳನ್ನು ಕಾಪಾಡುವ ಕಾನೂನೇ ಅಲ್ಲಿ ಆಯಿತು. ತಮಾಷೆಯ ಸುದ್ದಿ ಅಂತ ಎಲ್ಲರೂ ಓದಿದರು. ಆದರೆ ಬೇಲಿಯ ಎರಡೂ ಕಡೆ ಎರಡು ವರ್ಷ ಮುಖ ತಿರುಗಿಸಿಕೊಂಡು ಬದುಕುವುದು ತಮಾಷೆಯಲ್ಲ. ಹೇಂಟೆಗಳೂ ಸುಮ್ನೆ ಇರುವುದಿಲ್ಲ. ಮೊಟ್ಟೆ ಇಟ್ಟ ಪ್ರತಿ ಸಲ ಊರಿಗೆಲ್ಲ ಸಾರುತ್ತವೆ.

ಸಾವಿರ ಕೋಳಿಗೆ ಒಂದು ಸೀಸೆ

ಹಿತ್ತಲ ಕೋಳಿಯ ಕಷ್ಟವನ್ನು ಒಂದೇ ವಸ್ತುವಿನಲ್ಲಿ ತೋರಿಸು ಅಂದರೆ ನಾನು ಲಸಿಕೆಯ ಸೀಸೆ ತೋರಿಸುತ್ತೇನೆ. ಮಾರೆಕ್ಸ್ ಅಂತ ಒಂದು ರೋಗ. ಹಂಗೇರಿಯ ಯೋಜೆಫ್ ಮಾರೆಕ್ 1907ರಲ್ಲಿ ಮೊದಲು ವಿವರಿಸಿದ್ದು. ಎಳೆ ಕೋಳಿ ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿಕೊಂಡು ಬಿದ್ದುಬಿಡುತ್ತದೆ. ಒಳಗೆ ಗಡ್ಡೆಗಳು ಏಳುತ್ತವೆ. ಔಷಧಿ ಇಲ್ಲ. ವೈರಸ್ಸು ಪುಕ್ಕದ ಧೂಳಿನಲ್ಲಿ ಸೇರಿ ಗೂಡಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ ಇದೆ, ಆದರೆ ಮರಿ ಹುಟ್ಟಿದ ದಿನವೇ ಹಾಕಬೇಕು. ಅದು ಬರುವುದು 1,000 ಮರಿಗಾಗುವ ಸೀಸೆಯಲ್ಲಿ. ಒಮ್ಮೆ ಬೆರೆಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಹಿತ್ತಲಲ್ಲಿ ಕಾವಿಗೆ ಕೂತ ಕೋಳಿ ಎಂಟು ಮರಿ ಮಾಡಿದರೆ ಎಂಟಕ್ಕೆ ಹಾಕಿ 992 ಮರಿಯ ಲಸಿಕೆ ಚೆಲ್ಲಬೇಕು. ರಾಣಿಖೇತ್ ರೋಗದ ಲಸಿಕೆಯದೂ ಹೆಚ್ಚುಕಡಿಮೆ ಇದೇ ಪಾಡು. ಜನ ಏನು ಮಾಡುತ್ತಾರೆ? ಲಸಿಕೆಯನ್ನೇ ಬಿಟ್ಟುಬಿಡುತ್ತಾರೆ. ಹಾಕಿಸಿದರೂ ಮಾರೆಕ್ಸ್ ಲಸಿಕೆ ರೋಗವನ್ನು ತಡೆಯುತ್ತದೆಯೇ ಹೊರತು ಸೋಂಕನ್ನಲ್ಲ. ಲಸಿಕೆ ಹಾಕಿದ ಆರೋಗ್ಯವಂತ ಕೋಳಿಯಿಂದಲೂ ಹಾಕದ ಮರಿಗೆ ವೈರಸ್ಸು ಹೋಗುತ್ತದೆ.

ಅದಕ್ಕೇ ಹೊಸ ಕೋಳಿ ತರುವುದು ಅಪಾಯದ ಕೆಲಸ. ತಂದ ಮೇಲೆ ಇನ್ನೊಂದು ರಗಳೆ ಕಾದಿರುತ್ತದೆ. ಕೋಳಿಗಳಲ್ಲಿ ಮೇಲು ಕೀಳಿನ ಸಾಲು ಇದೆ ಅಂತ 1920ರ ದಶಕದಲ್ಲಿ ನಾರ್ವೆಯ ಶೆಲ್ಡರಪ್ ಎಬ್ಬೆ ತೋರಿಸಿಕೊಟ್ಟ. ಯಾರು ಯಾರನ್ನು ಕುಟುಕಬಹುದು ಎಂಬುದು ಗೊತ್ತಾದ ಮೇಲೆ ಗುಂಪು ಶಾಂತವಾಗಿರುತ್ತದೆ. ಒಂದು ಕೋಳಿ ಸತ್ತರೆ, ಒಂದು ಹೊಸದು ಬಂದರೆ ಸಾಲು ಕೆಡುತ್ತದೆ. ಮತ್ತೆ ಜಗಳ. ರಕ್ತ ಕಾಣಿಸಿದರಂತೂ ಎಲ್ಲವೂ ಸೇರಿ ಅಲ್ಲೇ ಕುಟುಕಿ ಸಾಯಿಸಿಬಿಡಬಹುದು. ನಮ್ಮ ಕಣ್ಣೆದುರು ಸಾಧುವಾಗಿ ಕಾಳು ಹೆಕ್ಕುತ್ತಿದ್ದ ಕೋಳಿಗಳೇ ಇವು ಅಂತ ನಂಬುವುದು ಕಷ್ಟ.

ಗೂಡಿನೊಳಗಿನ ಶತ್ರುಗಳಲ್ಲಿ ಕೆಂಪು ನುಸಿಯಷ್ಟು ಸತಾಯಿಸುವುದು ಮತ್ತೊಂದಿಲ್ಲ. ಇದು ಒಂದು ಮಿಲಿಮೀಟರಿಗಿಂತ ಚಿಕ್ಕದು. ಹಗಲು ಕೋಳಿಯ ಮೈಮೇಲೆ ಹುಡುಕಿದರೆ ಸಿಗುವುದಿಲ್ಲ. ಮರದ ಸಂದಿನಲ್ಲಿ ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರುತ್ತದೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು, ಕೋಳಿ ಕೂರುವ ಕೋಲಿನ ಅಡಿಯನ್ನು ಬಿಳಿ ಕಾಗದದಿಂದ ಒರೆಸಿ ನೋಡಿ. ಕೆಂಪು ಗೀರು ಮೂಡಿದರೆ ಬಂದಿದೆ ಅಂತ ಅರ್ಥ. ಬಿಸಿ ಹವೆಯಲ್ಲಿ ಏಳರಿಂದ ಹತ್ತು ದಿನದಲ್ಲಿ ಒಂದು ಪೀಳಿಗೆ ಮುಗಿಸುತ್ತದೆ. ತಿನ್ನಲು ಏನೂ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಕೋಳಿಗಳನ್ನು ಬೇರೆಡೆ ಇಟ್ಟು ಗೂಡು ಖಾಲಿ ಬಿಟ್ಟರೂ ಹೋಗುವುದಿಲ್ಲ. ಅಂದಕ್ಕೆಂದು ಮಾಡಿಸಿದ ಮರದ ಗೂಡಿನ ಒಂದೊಂದು ಜೋಡಣೆಯೂ ಇದಕ್ಕೆ ಮನೆ. ಸಂಜೆ ಕೋಳಿ ಗೂಡಿಗೆ ಹೋಗಲು ಹಿಂಜರಿದರೆ ಹಟ ಮಾಡುತ್ತಿದೆ ಅಂತ ಬಯ್ಯುವ ಮೊದಲು ಈ ಕಾಗದದ ಪರೀಕ್ಷೆ ಮಾಡುವುದು ಒಳ್ಳೆಯದು.

ಇಲಿ ಹೆಗ್ಗಣ ಬರುವುದು ಕೋಳಿಗಲ್ಲ, ಚೆಲ್ಲಿದ ಕಾಳಿಗೆ. ಮೊದಲು ಕಾಳು, ಆಮೇಲೆ ಮೊಟ್ಟೆ, ಆಮೇಲೆ ಮರಿ. ಸುಂಡಿಲಿಗೆ 6 ಮಿಲಿಮೀಟರ್ ಸಂದು ಸಾಕು, ಇಲಿಗೆ 12. ಕೋಳಿ ಜಾಲರಿ ಅಂತ ಮಾರುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ಅಷ್ಟೇ. ನಾಯಿ ಅದನ್ನು ಹರಿಯುತ್ತದೆ, ಮುಂಗುಸಿ ಜಾತಿಯವು ಅಡಿಯಿಂದ ಬಿಲ ತೋಡುತ್ತವೆ. ಬೆಸೆದ ದಪ್ಪ ತಂತಿಯ ಸಣ್ಣ ಕಣ್ಣಿನ ಜಾಲರಿಯನ್ನು ಮಣ್ಣಿನೊಳಗೂ ಹೂಳಬೇಕು. ತುಂಬ ಜನ ಇದನ್ನು ಕಲಿಯುವುದು ಒಂದು ರಾತ್ರಿ ಎಲ್ಲ ಕೋಳಿಯನ್ನೂ ಕಳೆದುಕೊಂಡ ಮೇಲೆ. ವಾಸನೆ, ನೊಣ, ಕೆದಕಿ ಬೋಳಾದ ಹೂದೋಟ ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಾಸಿಗೆ ಒಣಗಿದ್ದರೆ ವಾಸನೆ ಕಡಿಮೆ, ಒದ್ದೆಯಾದರೆ ಅಮೋನಿಯಾ ಏಳುತ್ತದೆ. ತೋಟಕ್ಕಂತೂ ಬೇಲಿಯೊಂದೇ ದಾರಿ.

ಮಣ್ಣಿನಿಂದ ಮೊಟ್ಟೆಗೆ

ಮೇಲೆ ಹೇಳಿದ್ದೆಲ್ಲ ಕೋಳಿ ಸಾಕಿದವರಿಗೆ ಗೊತ್ತಿರುವ ಕಷ್ಟಗಳೇ. ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನನ್ನ ಕೇಳಿದರೆ ಇಡೀ ಚರ್ಚೆಯಲ್ಲಿ ಮುಖ್ಯವಾದದ್ದು ಇದೇ.

ಮನೆಯ ಮೊಟ್ಟೆ ಶುದ್ಧ, ಏಕೆಂದರೆ ಕೋಳಿ ಮಣ್ಣಿನಲ್ಲಿ ಓಡಾಡಿ ಹುಳು ತಿಂದು ಬೆಳೆದಿದೆ ಅಂತ ನಾವು ಹೇಳುತ್ತೇವೆ. ಆದರೆ ಮಣ್ಣು ಕೆಟ್ಟಿದ್ದರೆ ಮೊಟ್ಟೆ ಕೆಡುವುದೂ ಇದೇ ದಾರಿಯಿಂದ. ಹಳೆಯ ನಗರಗಳ ಮಣ್ಣಿನಲ್ಲಿ ಸೀಸ ಇದೆ. ಹಳೆಯ ಗೋಡೆಯ ಬಣ್ಣ ಉದುರಿದ್ದು, ದಶಕಗಳ ಕಾಲ ಸೀಸ ಬೆರೆಸಿದ ಪೆಟ್ರೋಲ್ ಉರಿಸಿದ್ದು. ಸೀಸದ ಆ ಪೆಟ್ರೋಲು ಜಗತ್ತಿನ ಬಂಕುಗಳಿಂದ ಪೂರ್ತಿ ಹೋದದ್ದು 2021ರಲ್ಲಿ, ಅಲ್ಜೀರಿಯಾ ನಿಲ್ಲಿಸಿದ ಮೇಲೆ. ಪೆಟ್ರೋಲ್ ಹೋಯಿತು, ಸೀಸ ಮಣ್ಣಿನಲ್ಲೇ ಉಳಿಯಿತು. ಕೋಳಿಗೆ ಹಲ್ಲಿಲ್ಲ. ಕಾಳು ಅರೆಯಲು ಕಲ್ಲುಚೂರು, ಮರಳು ನುಂಗುತ್ತದೆ. ದಿನವಿಡೀ ಕೆದಕುತ್ತದೆ, ಮಣ್ಣಿನಲ್ಲೇ ಹೊರಳಾಡುತ್ತದೆ. ಹೀಗೆ ಒಳಗೆ ಹೋದ ಸೀಸ ಮೂಳೆಯಲ್ಲಿ ಕೂರುತ್ತದೆ, ರಕ್ತಕ್ಕೆ ಬರುತ್ತದೆ, ಮೊಟ್ಟೆಯ ಹಳದಿ ಸೇರುತ್ತದೆ. ಕೋಳಿ ನೋಡಲು ಚೆನ್ನಾಗಿಯೇ ಇರುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹಿತ್ತಲ ಮೊಟ್ಟೆಗಳನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂಗಡಿಯ ಮೊಟ್ಟೆಗಿಂತ ಸರಾಸರಿ 40 ಪಟ್ಟು ಸೀಸ ಇತ್ತು. ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು. ಮನೆಯ ಮೊಟ್ಟೆ ಅಂತ ಹೆಚ್ಚು ತಿನ್ನಿಸುವುದೂ ಮಕ್ಕಳಿಗೇ ಅಲ್ವಾ?

ಸೀಸದ ಜೊತೆ ಹೊಸ ಹೆಸರುಗಳೂ ಸೇರಿವೆ. 2023ರ ನವೆಂಬರಿನಲ್ಲಿ ಪ್ಯಾರಿಸ್ ಸುತ್ತಲಿನ ಪ್ರದೇಶದ ಆರೋಗ್ಯ ಇಲಾಖೆ, ಮನೆಯಲ್ಲಿ ಸಾಕಿದ ಕೋಳಿಯ ಮೊಟ್ಟೆ ತಿನ್ನಬೇಡಿ ಎಂದು ಅಲ್ಲಿನ 410 ಊರುಗಳ ಜನರಿಗೆ ಸಲಹೆ ಕೊಟ್ಟಿತು. ಡಯಾಕ್ಸಿನ್, ಪಿಎಫ್‌ಎಎಸ್ ಮುಂತಾದ ಸುಲಭಕ್ಕೆ ಕರಗಿಹೋಗದ ರಾಸಾಯನಿಕಗಳು ಸಿಕ್ಕಿದ್ದವು. 2025ರ ಏಪ್ರಿಲ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಸಾರ್ವಜನಿಕ ಆರೋಗ್ಯ ಸಂಸ್ಥೆ ಇಡೀ ದೇಶಕ್ಕೇ ಅಂಥ ಸಲಹೆ ಕೊಟ್ಟಿತು. ಪಿಎಫ್‌ಎಎಸ್ ಅಂದರೆ ಅಂಟದ ಬಾಣಲೆಯಿಂದ ಬೆಂಕಿ ಆರಿಸುವ ನೊರೆಯವರೆಗೆ ಬಳಸುವ ರಾಸಾಯನಿಕಗಳ ಗುಂಪು. ಕಾರ್ಖಾನೆಯ ಸುತ್ತ ಮಾತ್ರ ಇದ್ದರೆ ಅರ್ಥವಾಗುತ್ತಿತ್ತು, ದೇಶದ ಬೇರೆ ಬೇರೆ ಕಡೆ ಕಾಣಿಸಿತು. ಎರೆಹುಳುಗಳ ಮೂಲಕ ಕೋಳಿಗೆ ಬರುತ್ತಿರಬಹುದು ಎಂಬುದು ಅಲ್ಲಿನ ಒಂದು ಅನುಮಾನ. ಫಾರಂನ ಕೋಳಿ ಹುಳು ತಿನ್ನುವುದಿಲ್ಲ, ಚೀಲದ ಆಹಾರ ತಿನ್ನುತ್ತದೆ. ಆ ವಿಷಯದಲ್ಲಿ ಅದರ ಮೊಟ್ಟೆ ಹೆಚ್ಚು ಸುರಕ್ಷಿತವಾಯಿತು. ಕೇಳಲು ಹಿತವಾಗಿಲ್ಲ, ಆದರೆ ಇರುವುದು ಹಾಗೆ. ಬೇರೆ ನಾಡಿನ ಮಣ್ಣು ಹೇಗಿದೆ ಅಂತ ಇದರಿಂದ ಹೇಳಲಾಗದು. ಹಳೆಯ ಮನೆ, ರಸ್ತೆ ಬದಿ, ಕಸ ಸುಟ್ಟ ಜಾಗ, ಹಳೆಯ ಗ್ಯಾರೇಜು ಇದ್ದ ಕಡೆ ಕೋಳಿ ಬಿಡುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸುವುದು ಗೂಡು ಕಟ್ಟುವುದಕ್ಕಿಂತ ಮೊದಲಿನ ಕೆಲಸ ಆಗಬೇಕು. ಬೇರೆ ಕಡೆಯ ಶುದ್ಧ ಮಣ್ಣು ಸುರಿದು, ಕಾಳನ್ನು ನೆಲಕ್ಕೆ ಎರಚದೆ ತಟ್ಟೆಯಲ್ಲೇ ಹಾಕಿದರೆ ಅಪಾಯ ಸ್ವಲ್ಪ ತಗ್ಗುತ್ತದೆ.

ಮನೆಗೆ ಬರುವ ರೋಗ

ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕೋಳಿಯ ಕರುಳಿನಲ್ಲಿ ಸುಮ್ಮನೆ ಇರುತ್ತದೆ. ಕೋಳಿಗೆ ಏನೂ ಆಗುವುದಿಲ್ಲ. ಅದನ್ನು ಎತ್ತಿಕೊಂಡವರಿಗೆ ಜ್ವರ, ಭೇದಿ. ಅಮೆರಿಕದಲ್ಲಿ 2020ರಲ್ಲಿ, ಅಂದರೆ ಜನ ಮುಗಿಬಿದ್ದು ಮರಿ ತಂದ ವರ್ಷ, ಹಿತ್ತಲ ಕೋಳಿ ಬಾತುಗಳಿಂದ ಬಂದ ಸಾಲ್ಮೊನೆಲ್ಲಾ 1,700ಕ್ಕೂ ಜಾಸ್ತಿ ಜನರಲ್ಲಿ ದಾಖಲಾಯಿತು. ಅವರಲ್ಲಿ ಚಿಕ್ಕ ಮಕ್ಕಳು ಬಹಳ. ಮರಿಗೆ ಮುತ್ತು ಕೊಡಬೇಡಿ, ಕೋಳಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ ಅಂತ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಪ್ರತಿ ವರ್ಷವೂ ಹೇಳುತ್ತದೆ. ಮಕ್ಕಳಿಗಾಗಿಯೇ ಕೋಳಿ ತಂದ ಮನೆಯಲ್ಲಿ ಇದನ್ನು ಪಾಲಿಸುವುದು ಎಷ್ಟು ಕಷ್ಟ ಅಂತ ಊಹಿಸಬಹುದು.

ಹಕ್ಕಿ ಜ್ವರದ ವಿಷಯಕ್ಕೆ ಬಂದರೆ, ಹಿತ್ತಲ ಕೋಳಿ ಅದರಿಂದ ತಪ್ಪಿಸಿಕೊಳ್ಳುವ ದಾರಿ ಎಂಬ ಮಾತು ತಲೆಕೆಳಗಾಗಿದೆ. ಎಚ್5ಎನ್1 ವೈರಸ್ಸನ್ನು ಹೊತ್ತು ತರುವುದು ಕಾಡುಬಾತು, ನೀರುಹಕ್ಕಿಗಳು. ಮುಚ್ಚಿದ ಶೆಡ್ಡಿನ ಕೋಳಿಗಿಂತ ಬಯಲಲ್ಲಿ ತಿರುಗುವ ಕೋಳಿಗೆ ಅವುಗಳ ಹಿಕ್ಕೆ ತಗಲುವುದು ಸುಲಭ. 2025ರ ಜನವರಿಯಲ್ಲಿ ಈ ವೈರಸ್ಸಿನಿಂದ ಅಮೆರಿಕದಲ್ಲಿ ಮೊದಲ ಸಾವು ವರದಿಯಾದದ್ದು ಲೂಸಿಯಾನಾದಲ್ಲಿ. ತೀರಿಕೊಂಡವರು ಕಾಡುಹಕ್ಕಿಗಳ ಜೊತೆಗೆ ಹಿತ್ತಲ ಕೋಳಿಗಳ ಸಂಪರ್ಕದಲ್ಲಿದ್ದರು. ಮೊಟ್ಟೆಯ ಬೆಲೆಗೆ ಬೇಸತ್ತು ಜನ ಮರಿ ತರಲು ಓಡಿದ್ದು ಇದಾದ ಒಂದೆರಡು ತಿಂಗಳಲ್ಲಿ.

ಸರ್ಕಾರಗಳೂ ಹಿತ್ತಲನ್ನು ಫಾರಂನಂತೆಯೇ ನೋಡತೊಡಗಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರ ಅಕ್ಟೋಬರ್ 1ರಿಂದ ಒಂದೇ ಒಂದು ಕೋಳಿ ಇದ್ದರೂ ನೋಂದಾಯಿಸಬೇಕು. ರೋಗ ಹರಡಿದಾಗ ಕೋಳಿಗಳನ್ನು ಮುಚ್ಚಿದ ಜಾಗದಲ್ಲೇ ಇಡಿ ಅಂತ ಆದೇಶ ಬರುತ್ತದೆ. 2022ರ ನವೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಬಂದ ಆದೇಶ ಹಿತ್ತಲ ಕೋಳಿಗಳಿಗೂ ಅನ್ವಯಿಸಿತು, ತಿಂಗಳುಗಟ್ಟಲೆ ಹೊರಗೆ ಬಿಡುವ ಹಾಗಿರಲಿಲ್ಲ. ಸಂಜೆ ಗೂಡಿಗೆ ಬಂದು ಮಲಗುತ್ತವೆ, ಹಗಲೆಲ್ಲ ಹೊರಗಿರುತ್ತವೆ ಎಂಬ ಲೆಕ್ಕದಲ್ಲಿ ಕಟ್ಟಿದ ಪುಟ್ಟ ಗೂಡಿನಲ್ಲಿ ನಾಲ್ಕು ಕೋಳಿಯನ್ನು ಅಷ್ಟು ದಿನ ಕೂಡಿಹಾಕಿದರೆ ಅವು ಒಂದನ್ನೊಂದು ಕುಟುಕಿ ಬೋಳು ಮಾಡುತ್ತವೆ. ಹಾಗಾಗಿ ಈಗ ಹೊಸದಾಗಿ ಕಟ್ಟುವವರು ಮಲಗುವ ಗೂಡಿಗಿಂತ ಮೊದಲು ಅವುಗಳ ಓಡಾಟದ ಅಂಗಳವನ್ನು ಯೋಚಿಸಬೇಕು. ಅದಕ್ಕೆ ಹಕ್ಕಿಯ ಹಿಕ್ಕೆ ಕೆಳಗೆ ಬೀಳದಂಥ ಗಟ್ಟಿ ಮಾಡು ಬೇಕು, ಸುತ್ತ ಗುಬ್ಬಿಯೂ ನುಗ್ಗದ ಜಾಲರಿ ಬೇಕು. ತಿಂಗಳುಗಟ್ಟಲೆ ಅಲ್ಲೇ ಇದ್ದರೂ ಕೆದಕಲು, ಹೊರಳಲು, ಯಜಮಾನಿ ಕೋಳಿಯ ಕಣ್ಣು ತಪ್ಪಿಸಿಕೊಳ್ಳಲು ಜಾಗ ಇರಬೇಕು. ಅಷ್ಟು ಜಾಗ ಹಿತ್ತಲಲ್ಲಿ ಇಲ್ಲದಿದ್ದರೆ ಕೋಳಿಯ ಸಂಖ್ಯೆಯನ್ನು ಅಲ್ಲೇ ಇಳಿಸಬೇಕಾಗುತ್ತದೆ. ಮೂರಕ್ಕಿಂತ ಕಡಿಮೆ ಇಡುವುದೂ ಸರಿಯಲ್ಲ, ಕೋಳಿ ಒಂಟಿಯಾಗಿ ಬದುಕುವ ಪ್ರಾಣಿಯಲ್ಲ.